ಗೆರೆಯ ಆಚೆ ಊರು, ಈಚೆ ಊರು: ಉಚಿತ ಚಿಕಿತ್ಸೆ ಜೀವ ಉಳಿಸುತ್ತದಾ?

2010ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಲಬುರಗಿ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಶುರು ಮಾಡಿತು. ಅದೇ ವರ್ಷ ಬೆಳಗಾವಿ ವಿಭಾಗಕ್ಕೂ ಬಂತು. ಬೆಂಗಳೂರು, ಮೈಸೂರು ವಿಭಾಗದವರು ಮಾತ್ರ 2012ರವರೆಗೆ ಕಾಯಬೇಕಾಯಿತು. ಹಾಗಾಗಿ ಸುಮಾರು ಎರಡು ವರ್ಷ ರಾಜ್ಯದ ನಕ್ಷೆಯ ಮೇಲೆ ಒಂದು ಗೆರೆ ಇತ್ತು. ಆ ಕಡೆ, ಅಂದರೆ ಗೆರೆಯ ಮೇಲ್ಗಡೆ, ಯೋಜನೆ ಇದ್ದ ಉತ್ತರ ಕನ್ನಡ, ಹಾವೇರಿ, ಬಳ್ಳಾರಿ. ಈ ಕಡೆ, ಕೆಳಗೆ, ಯೋಜನೆ ಇಲ್ಲದ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ.

ಗೆರೆಯ ಮೇಲ್ಗಡೆ ಇದ್ದ ಊರಿನ ಬಿಪಿಎಲ್ ಕುಟುಂಬಕ್ಕೆ ಹೃದಯದ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ, ಮೂತ್ರಪಿಂಡದ ಚಿಕಿತ್ಸೆ, ಸುಟ್ಟ ಗಾಯದ ಚಿಕಿತ್ಸೆ ಎಲ್ಲವೂ ಉಚಿತ. ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ರೂಪಾಯಿವರೆಗೆ, ಸಾಲದಿದ್ದರೆ ಇನ್ನೂ 50 ಸಾವಿರ. ಕೆಳಗಿನ ಊರಿನವರಿಗೆ ಅದಿಲ್ಲ. ಅದೇ ಮಳೆ, ಅದೇ ಬೆಳೆ, ಹೆಚ್ಚುಕಡಿಮೆ ಅದೇ ಕೂಲಿ. ಆದರೆ ಎದೆನೋವು ಬಂದರೆ ಒಬ್ಬರಿಗೆ ದಾರಿ ಇತ್ತು, ಇನ್ನೊಬ್ಬರು ಸಾಲ ಮಾಡಬೇಕು, ಇಲ್ಲವೇ ಹೊಲ ಮಾರಬೇಕು.

ಇದು ನ್ಯಾಯವಲ್ಲ, ಸರಿ. ಆದರೆ ಅರ್ಥಶಾಸ್ತ್ರಜ್ಞರಿಗೆ ಇಂಥ ಗೆರೆ ತುಂಬಾ ಬೆಲೆಬಾಳುವ ಸಂಗತಿ. ಯೋಜನೆಯಿಂದ ಉಪಯೋಗವಾಯಿತಾ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಇಷ್ಟು ಸಾವಿರ ಆಪರೇಷನ್ ಆಯಿತು, ಇಷ್ಟು ಕೋಟಿ ಖರ್ಚಾಯಿತು ಅಂತ. ಅದರಿಂದ ಏನೂ ಗೊತ್ತಾಗುವುದಿಲ್ಲ. ಯೋಜನೆ ಇಲ್ಲದಿದ್ದರೂ ಅವರಲ್ಲಿ ಕೆಲವರು ಹೇಗೋ ದುಡ್ಡು ಹೊಂದಿಸಿ ಚಿಕಿತ್ಸೆ ಪಡೆಯುತ್ತಿದ್ದರು, ಅಲ್ವಾ? ಯೋಜನೆ ಬಾರದೇ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದು ಗೊತ್ತಾಗಬೇಕು. ಗೆರೆಯ ಕೆಳಗಿನ ಊರುಗಳು ಅದನ್ನೇ ತೋರಿಸುತ್ತವೆ.

ಆರೋಗ್ಯ ಅರ್ಥಶಾಸ್ತ್ರಜ್ಞ ನೀರಜ್ ಸೂದ್, ಬೆಂಗಳೂರು ಐಐಎಂನ ಅರ್ನಬ್ ಮುಖರ್ಜಿ ಮತ್ತು ಅವರ ಜೊತೆಗಾರರು ಮಾಡಿದ್ದು ಈ ಕೆಲಸ. ಗೆರೆಯ ಮೇಲ್ಗಡೆ 300 ಹಳ್ಳಿ, ಕೆಳಗೆ ಅವಕ್ಕೆ ಹೋಲುವ 272 ಹಳ್ಳಿ ಆರಿಸಿಕೊಂಡರು. 2012ರಲ್ಲಿ ಒಟ್ಟು ಸುಮಾರು 60 ಸಾವಿರ ಮನೆಗಳ ಸಮೀಕ್ಷೆ. ಮನೆಯಲ್ಲಿ ಯಾರಾದರೂ ತೀರಿಕೊಂಡರಾ, ಯಾವ ಕಾಯಿಲೆಯಿಂದ, ಆಸ್ಪತ್ರೆಗೆ ಸೇರಿದ್ದರಾ, ಕೈಯಿಂದ ಎಷ್ಟು ಖರ್ಚಾಯಿತು? ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ, ಅಂದರೆ ಹೆಚ್ಚಾಗಿ ಹೃದಯದ ಕಾಯಿಲೆ ಮತ್ತು ಕ್ಯಾನ್ಸರ್‌ನಿಂದ, ಕೆಳಗಿನ ಊರುಗಳ ಬಿಪಿಎಲ್ ಕುಟುಂಬಗಳಲ್ಲಿ ಸಾವಿನ ಪ್ರಮಾಣ ಶೇಕಡಾ 0.90. ಮೇಲಿನ ಊರುಗಳಲ್ಲಿ ಶೇಕಡಾ 0.32. ದೊಡ್ಡ ಆಸ್ಪತ್ರೆ ಸೇರಿದಾಗ ಕೈಯಿಂದ ಕಟ್ಟಿದ ಹಣ ಶೇಕಡಾ 64ರಷ್ಟು ಇಳಿದಿತ್ತು.

ಇಷ್ಟು ಓದಿದ ಯಾರಿಗಾದರೂ ಒಂದು ಅನುಮಾನ ಬರಬೇಕು. ಆ ಕಡೆಯ ಊರುಗಳಲ್ಲಿ ರಸ್ತೆಯೋ, ನೀರೋ, ಡಾಕ್ಟರೋ ಮೊದಲಿಂದಲೇ ಚೆನ್ನಾಗಿದ್ದರೆ? ಇದಕ್ಕೆ ಸಂಶೋಧಕರು ಇಟ್ಟ ಪರೀಕ್ಷೆ ನನಗೆ ಇಡೀ ಅಧ್ಯಯನದಲ್ಲೇ ಬಹಳ ಇಷ್ಟವಾದದ್ದು. ಅವರು ಎಪಿಎಲ್ ಕುಟುಂಬಗಳನ್ನೂ ಲೆಕ್ಕಕ್ಕೆ ತಗೊಂಡರು. ಇವರಿಗೆ ಗೆರೆಯ ಯಾವ ಕಡೆಯೂ ಯೋಜನೆ ಇಲ್ಲ. ರಸ್ತೆ, ನೀರು ಕಾರಣವಾಗಿದ್ದರೆ ಮೇಲಿನ ಊರುಗಳ ಎಪಿಎಲ್ ಮನೆಗಳಲ್ಲೂ ಸಾವು ಕಡಿಮೆ ಇರಬೇಕಿತ್ತು. ಸಿಕ್ಕಿದ್ದು ಒಂದು ಕಡೆ 0.56, ಇನ್ನೊಂದು ಕಡೆ 0.55. ವ್ಯತ್ಯಾಸವೇ ಇಲ್ಲ. ಬದಲಾವಣೆ ಕಂಡಿದ್ದು ಯೋಜನೆ ಯಾರಿಗೆ ಇತ್ತೋ ಅವರಲ್ಲಿ ಮಾತ್ರ.

ಹಾಗಂತ 0.32 ಅನ್ನುವ ಸಂಖ್ಯೆಯನ್ನು ಹಾಗೇ ಎತ್ತಿಕೊಂಡು ಭಾಷಣ ಮಾಡುವುದು ಬೇಡ. ಸಾವು ಅಪರೂಪದ ಘಟನೆ, ಹಾಗಾಗಿ ಅದರ ಲೆಕ್ಕ ಸುಲಭವಾಗಿ ಅಲುಗಾಡುತ್ತದೆ. ಸಾವಿನ ಕಾರಣವನ್ನು ಮನೆಯವರ ಮಾತಿನಿಂದ ಊಹಿಸುವಾಗ ತಪ್ಪೂ ಆಗಬಹುದು. ಆಸ್ಪತ್ರೆ ಸೇರಿದವರ ಸಂಖ್ಯೆಯೂ ಮೇಲಿನ ಊರುಗಳಲ್ಲಿ ಜಾಸ್ತಿ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟಲ್ಲ. ಸಾವು ಇಷ್ಟೊಂದು ಇಳಿಯಿತಾ ಅನ್ನುವ ಬಗ್ಗೆ ನನಗೆ ಸ್ವಲ್ಪ ಎಚ್ಚರಿಕೆ ಇದೆ. ಇಳಿದಿದ್ದು ಮಾತ್ರ ನಿಜ ಅಂತ ನಂಬುತ್ತೇನೆ.

ಈಗ ಇನ್ನೊಂದು ಪ್ರಯೋಗ. ಅದೂ ಕರ್ನಾಟಕದ್ದೇ. ಕೇಂದ್ರ ಸರ್ಕಾರ 2008ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತಂದಿತ್ತು. ಒಂದು ಸ್ಮಾರ್ಟ್ ಕಾರ್ಡ್, ವರ್ಷಕ್ಕೆ 30 ಸಾವಿರ ರೂಪಾಯಿವರೆಗಿನ ಆಸ್ಪತ್ರೆ ಖರ್ಚು, ಕುಟುಂಬದ ಐದು ಜನರಿಗೆ. ಅರ್ಥಶಾಸ್ತ್ರಜ್ಞ ಅನೂಪ್ ಮಲಾನಿ ಮತ್ತು ಸಂಗಡಿಗರು ಕಲಬುರಗಿ, ಮೈಸೂರು ಜಿಲ್ಲೆಗಳಲ್ಲಿ ಸುಮಾರು 10,900 ಎಪಿಎಲ್ ಕುಟುಂಬಗಳನ್ನು ಲಾಟರಿ ಎತ್ತಿದಂತೆ ಗುಂಪು ಮಾಡಿದರು. ಕೆಲವರಿಗೆ ಈ ವಿಮೆ ಪುಕ್ಕಟೆ. ಕೆಲವರಿಗೆ ದುಡ್ಡು ಕೊಟ್ಟು ಕೊಳ್ಳುವ ಅವಕಾಶ. ಕೆಲವರಿಗೆ ಏನೂ ಇಲ್ಲ. ಲಾಟರಿ ಆದ್ದರಿಂದ ಇದು ಗೆರೆಯ ಅಧ್ಯಯನಕ್ಕಿಂತಲೂ ಗಟ್ಟಿ ವಿಧಾನ.

ಪುಕ್ಕಟೆ ಅಂದಾಗ ಶೇಕಡಾ 79ರಷ್ಟು ಮನೆಯವರು ತಗೊಂಡರು. ದುಡ್ಡು ಕೊಡಿ ಅಂದಾಗಲೂ ಶೇಕಡಾ 60ರಷ್ಟು ಜನ ಕೊಂಡರು. ಜನರಿಗೆ ವಿಮೆ ಬೇಡ ಅನ್ನುವುದು ಸುಳ್ಳು ಅಂತ ಇಲ್ಲಿಗೇ ಗೊತ್ತಾಯಿತು. ಆದರೆ ಆರೋಗ್ಯ ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋದ ಎಷ್ಟೋ ಜನರಿಗೆ ಅದನ್ನು ಬಳಸಲು ಆಗಲೇ ಇಲ್ಲ. ಹೇಗೆ ಬಳಸಬೇಕು ಅಂತ ಕೆಲವರಿಗೆ ಗೊತ್ತಿರಲಿಲ್ಲ. ಕೆಲವು ಕಡೆ ಆಸ್ಪತ್ರೆಯವರೇ ಕಾರ್ಡ್ ತಗೊಳ್ಳಲಿಲ್ಲ. ವರ್ಷ ಕಳೆದಂತೆ ಬಳಕೆಯೂ ಇಳಿಯಿತು.

ಎರಡು ಯೋಜನೆಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ತೂಗುವ ಹಾಗಿಲ್ಲ. ಒಂದು ದೊಡ್ಡ ಆಪರೇಷನ್‌ಗೆ, ಇನ್ನೊಂದು ಸಾಮಾನ್ಯ ಕಾಯಿಲೆಗೆ ಆಸ್ಪತ್ರೆ ಸೇರಿದಾಗಿನ ಖರ್ಚಿಗೆ. ಒಂದರಲ್ಲಿ ಬಿಪಿಎಲ್ ಜನ, ಇನ್ನೊಂದರಲ್ಲಿ ಎಪಿಎಲ್ ಜನ. ಆದರೂ ಆರೋಗ್ಯಶ್ರೀಯ ನಡೆ ಬೇರೆಯಾಗಿತ್ತು ಅನ್ನುವುದನ್ನು ಬಿಡುವ ಹಾಗಿಲ್ಲ. ಅಲ್ಲಿ ಹೊಸ ಕಾರ್ಡ್ ಮಾಡಿಸುವ ತಲೆನೋವು ಇರಲಿಲ್ಲ. ಮನೆಯಲ್ಲಿದ್ದ ರೇಷನ್ ಕಾರ್ಡೇ ಸಾಕು. ರೋಗಿ ಬರಲಿ ಅಂತ ಆಸ್ಪತ್ರೆಗಳು ಕಾಯುವಂತಿರಲಿಲ್ಲ. ಹಳ್ಳಿಗಾಡಿನಲ್ಲಿ ಶಿಬಿರ ನಡೆಸಿ, ಅಲ್ಲೇ ತಪಾಸಣೆ ಮಾಡಿ, ದೊಡ್ಡ ಚಿಕಿತ್ಸೆ ಬೇಕಾದವರನ್ನು ಪಟ್ಟಣಕ್ಕೆ ಕಳಿಸಬೇಕಿತ್ತು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಿದ್ದರು. ಯಾವ ಕೌಂಟರ್, ಯಾವ ಕಾಗದ, ಯಾವ ಸಹಿ ಎಂದು ಹೇಳುವುದೇ ಅವರ ಕೆಲಸ. ಆಪರೇಷನ್‌ಗೆ ಮುಂಚೆಯೇ ಯೋಜನೆ ನಡೆಸುತ್ತಿದ್ದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಒಪ್ಪಿಗೆ ಬರುತ್ತಿತ್ತು. ಆಸ್ಪತ್ರೆಗೆ ಇಡೀ ಚಿಕಿತ್ಸೆಗೆ ಇಷ್ಟು ಅಂತ ಒಂದೇ ದರ.

ಸೂದ್ ಮತ್ತೊಬ್ಬ ಸಂಶೋಧಕರ ಜೊತೆ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕೆ ತಾಳೆಯಾಗುತ್ತದೆ. ಯೋಜನೆ ಇದ್ದ ಊರುಗಳಲ್ಲಿ ರೋಗದ ಲಕ್ಷಣ ಕಂಡವರು ಡಾಕ್ಟರ ಹತ್ತಿರ ಹೋಗುವುದು ಜಾಸ್ತಿಯಾಗಿತ್ತು. ಆಪರೇಷನ್ ಆದಮೇಲೆ ಸೋಂಕು ತಗುಲುವುದು, ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಗಿತ್ತು. ಎದೆನೋವು ಬಂದ ಬಡವರು ಯಾಕೆ ಡಾಕ್ಟರ ಹತ್ತಿರ ಹೋಗುವುದಿಲ್ಲ? ಹೋದರೆ ಆಪರೇಷನ್ ಅಂತಾರೆ, ಆಪರೇಷನ್‌ಗೆ ದುಡ್ಡಿಲ್ಲ, ಹಾಗಾಗಿ ತಿಳಿದುಕೊಂಡು ಮಾಡುವುದೇನು ಅಂತ. ಮುಂದಿನ ದಾರಿ ತೆರೆದಿದೆ ಅಂತ ಗೊತ್ತಾದ ಮೇಲೆ ಮೊದಲ ಹೆಜ್ಜೆ ಇಡುವ ಧೈರ್ಯ ಬರುತ್ತದೆ.

2018ರಲ್ಲಿ ಹಳೆಯ ಯೋಜನೆಗಳೆಲ್ಲ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಮೊತ್ತ ದೊಡ್ಡದಾಯಿತು, ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಬರೆಸಿಕೊಂಡು ಖಾಸಗಿ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆ ಬಲವಾಗಬೇಕು ಅನ್ನುವ ಉದ್ದೇಶ ನನಗೂ ಒಪ್ಪಿಗೆ. ಆ ರೆಫರಲ್ ಚೀಟಿ ಎಷ್ಟು ಜನರನ್ನು ದಾರಿಯಲ್ಲೇ ನಿಲ್ಲಿಸುತ್ತದೆ ಅನ್ನುವುದನ್ನೂ ಎಣಿಸಬೇಕು. ಕ್ಲೇಮ್ ಲೆಕ್ಕದಲ್ಲಿ ಅದು ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಚಿಕಿತ್ಸೆ ಸಿಕ್ಕವರ ಹೆಸರು ಮಾತ್ರ ಇರುತ್ತದೆ. ಕೌಂಟರ್‌ವರೆಗೆ ಬಂದು ವಾಪಸ್ ಹೋದವರು ಯಾರು, ಯಾಕೆ ಹೋದರು, ಆಮೇಲೆ ಏನಾದರು ಅಂತ ತಿಳಿಯಬೇಕಾದರೆ 2012ರಲ್ಲಿ ಮಾಡಿದ ಹಾಗೆ ಮನೆಮನೆಗೇ ಹೋಗಿ ಕೇಳಬೇಕು.