ಪರಿಸರವನ್ನೇ ಓದಬೇಕು ಅನ್ನುವ ಮಗಳಿಗೆ ಯಾವ ಡಿಗ್ರಿ?

ಓದುಗರ ಪ್ರಶ್ನೆ: ನಮ್ಮದು ಉತ್ತರ ಕನ್ನಡದ ಸಿದ್ದಾಪುರ ಹತ್ತಿರದ ಹಳ್ಳಿ. ಸ್ವಲ್ಪ ಅಡಿಕೆ ತೋಟ ಇದೆ. ಮಗಳು ಪಿಸಿಎಂಬಿ ತೆಗೆದುಕೊಂಡು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಡಾಕ್ಟರೂ ಬೇಡ, ಇಂಜಿನಿಯರೂ ಬೇಡ, ಪರಿಸರವನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮ್ಮ ಕಡೆಯ ಕಾಲೇಜುಗಳಲ್ಲಿ ವಿಚಾರಿಸಿದರೆ ಬಿಎಸ್ಸಿಗೆ ಪರಿಸರ ವಿಜ್ಞಾನ ಅನ್ನುವ ವಿಷಯವೇ ಇಲ್ಲ ಅನ್ನುತ್ತಾರೆ. ಹಾಗಾದರೆ ಬೆಂಗಳೂರಿಗೇ ಕಳಿಸಬೇಕಾ? ಮುಂದೆ ಎಂಎಸ್ಸಿಗೆ, ಕೆಲಸಕ್ಕೆ ಡಿಗ್ರಿಯಲ್ಲಿ ಏನೇನು ಇರಬೇಕು?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಬಹಳ ವರ್ಷಗಳಿಂದ ಬಿಎಸ್ಸಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುತ್ತ ಬಂದವನು ನಾನು. ಕೇಳಿದವರಿಗೆಲ್ಲ ಮೊದಲು ಹೇಳುವುದು ಇದನ್ನೇ: ಬೆಂಗಳೂರಿಗೆ ಕಳಿಸಲೇಬೇಕು ಅಂತ ಏನೂ ಇಲ್ಲ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ‘ಪರಿಸರ ವಿಜ್ಞಾನ’ ಎಂದು ಬರೆದಿರಬೇಕು ಎನ್ನುವುದು ನಾವು ಕಟ್ಟಿಕೊಂಡ ಕಲ್ಪನೆ. ಎಂಎಸ್ಸಿಗೆ ಸೇರಿಸಿಕೊಳ್ಳುವವರೂ ಕೆಲಸಕ್ಕೆ ಕರೆಯುವವರೂ ನೋಡುವುದು ಮೂರು ವರ್ಷ ಯಾವ ಯಾವ ವಿಷಯ ಓದಿದ್ದಾಳೆ ಎಂಬುದನ್ನು. ಬರೀ ಹೆಸರನ್ನು ನೋಡಿ ಸೇರಿದವರು ಪೇಚಿಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕತೆ ಮುಂದೆ ಬರುತ್ತದೆ.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಒಂದನೇ ಕ್ಲಾಸಿನಿಂದಲೂ ಮಕ್ಕಳು ‘ಪರಿಸರ ಅಧ್ಯಯನ’ ಓದಿರುತ್ತಾರೆ. ಡಿಗ್ರಿಗೆ ಬಂದರೂ ಬಿಎ, ಬಿಕಾಂ, ಬಿಎಸ್ಸಿ ಎನ್ನದೆ ಎಲ್ಲರಿಗೂ ಪರಿಸರದ ಒಂದು ಕಡ್ಡಾಯ ಪೇಪರ್ ಇರುತ್ತದೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದ ಫಲ ಅದು. ಎಲ್ಲರಿಗೂ ತಿಳಿದಿರಬೇಕಾದ ವಿಷಯ ಅಂತ ಇಟ್ಟ ಪೇಪರ್ ಅದು. ಅದನ್ನು ಪಾಸು ಮಾಡಿದ ಮಾತ್ರಕ್ಕೆ ಪರಿಸರ ವಿಜ್ಞಾನ ಓದಿದ ಹಾಗಾಗುವುದಿಲ್ಲ. ಪರಿಸರ ಅಧ್ಯಯನದಲ್ಲಿ ಕಾನೂನು, ಅರ್ಥಶಾಸ್ತ್ರ, ಜನಜೀವನ ಎಲ್ಲ ಬರುತ್ತದೆ. ಪರಿಸರ ವಿಜ್ಞಾನವೋ, ಅಳೆಯುವ ಶಾಸ್ತ್ರ. ನೀರು, ಗಾಳಿ, ಮಣ್ಣು, ಜೀವಿ ಎಲ್ಲವನ್ನೂ ಅಳೆಯಬೇಕು, ಅಳೆದದ್ದನ್ನು ಲೆಕ್ಕ ಹಾಕಿ ನಾಲ್ಕು ಜನರ ಮುಂದೆ ಸಾಬೀತು ಮಾಡಬೇಕು.

ಅಳೆಯುವುದು ಎಂದರೆ ಏನು ಅಂತ ಮಗಳಿಗೂ ತಿಳಿಯಲಿ, ಅದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ ಮಾನ್ಯತೆ ಸಿಕ್ಕಿತು. ಮಕ್ಕಳನ್ನು ಇಳಿತದ ಹೊತ್ತಿಗೆ ಮಿರ್ಜಾನ್ ಬದಿಗೆ ಕರೆದುಕೊಂಡು ಹೋದರೆ ಮೊದಲ ಅರ್ಧ ಗಂಟೆ ಬರೀ ಫೋಟೋ ತೆಗೆಯುವುದರಲ್ಲೇ ಹೋಗುತ್ತದೆ. ಆಮೇಲೆ ಮುನ್ನೂರು ಮಿಲಿಲೀಟರಿನ ಗಾಜಿನ ಬಾಟಲಿ ಕೈಗೆ ಕೊಡುತ್ತೇನೆ. ಒಂದು ಗುಳ್ಳೆಯೂ ಒಳಗೆ ಉಳಿಯದ ಹಾಗೆ ಅದನ್ನು ನೀರಲ್ಲಿ ಮುಳುಗಿಸಿ ತುಂಬಬೇಕು. ದಡದಲ್ಲೇ ಕೂತು ಪಿಪೆಟ್ಟಿನಿಂದ ಮ್ಯಾಂಗನೀಸ್ ಸಲ್ಫೇಟ್ ಬಿಡಬೇಕು, ಹಿಂದೆಯೇ ಕ್ಷಾರ ಬೆರೆತ ಅಯೊಡೈಡ್ ಬಿಟ್ಟು ಬಿರಡೆ ಹಾಕಿ ಬಾಟಲಿಯನ್ನು ಮೇಲೆ ಕೆಳಗೆ ಮಾಡಬೇಕು. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಕಂದು ಬಣ್ಣದ ಗಸಿ ಕಟ್ಟಿ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಆಮ್ಲಜನಕ ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಲ್ಯಾಬಿಗೆ ಬಂದು ಆಸಿಡ್ ಹಾಕಿ, ಗಂಜಿಯ ದ್ರಾವಣದ ಕೆಲವು ಹನಿ ಬಿಟ್ಟು, ಥಯೋಸಲ್ಫೇಟಿನಿಂದ ಟೈಟ್ರೇಷನ್ ಮಾಡುತ್ತ ನೀಲಿ ಬಣ್ಣ ಮಾಯವಾಗುವ ಆ ಒಂದು ಹನಿಯನ್ನು ಹಿಡಿಯಬೇಕು. ಆಗ ಸಿಗುವ ಸಂಖ್ಯೆಯ ಮೇಲೆ ಈ ನೀರಿನಲ್ಲಿ ಮೀನು, ಚಿಪ್ಪಿ ಉಸಿರಾಡಿಕೊಂಡು ಇರಬಲ್ಲವೇ ಎನ್ನುವುದನ್ನು ಹೇಳಲು ಬರುತ್ತದೆ.

ಇದರಲ್ಲಿ ಇರುವುದೆಲ್ಲ ಪಿಯುಸಿಯ ರಸಾಯನಶಾಸ್ತ್ರವೇ ಹೊರತು ಹೊಸದೇನೂ ಇಲ್ಲ. ಕೆಮಿಸ್ಟ್ರಿ ಕಷ್ಟ ಅಂತ ಬಿಟ್ಟು ಪರಿಸರ ಓದುತ್ತೇನೆ ಎಂದು ಬರುವ ಮಕ್ಕಳಿಗೆ ನಾನು ಬಿಚ್ಚುಮನಸ್ಸಿನಿಂದ ಹೇಳುತ್ತೇನೆ, ಮಗು, ಬಾಗಿಲು ಬಿಟ್ಟು ಗೋಡೆ ಹಾದುಹೋಗಲು ಬರುವುದಿಲ್ಲ.

ಗಣಿತದ್ದೂ ಅದೇ ಮಾತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಹೆಸರು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಪುಣೆ, ಮುಂಬಯಿಗಳಲ್ಲಿ ಜೀವಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಅವರು ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡಿದ್ದು ಗಣಿತವನ್ನು ಬಳಸುವ ಪರಿಸರ ವಿಜ್ಞಾನದಲ್ಲಿ. 1970ರ ದಶಕದಲ್ಲಿ ಕಾಗದ ಕಾರ್ಖಾನೆಗೆ ಹೋಗುತ್ತಿದ್ದ ಬಿದಿರು ಯಾಕೆ ಮುಗಿಯುತ್ತಿದೆ ಎಂದು ನಮ್ಮ ಕಾಡುಗಳಲ್ಲಿ ಅಧ್ಯಯನ ಮಾಡಿದರು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿ ಸ್ವಚ್ಛ ಮಾಡಿದರೆ ಬಿದಿರು ಚೆನ್ನಾಗಿ ಬರುತ್ತದೆ ಎನ್ನುವುದು ಆಗಿನ ನಂಬಿಕೆ. ಊರಿನವರು ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಕಳಲೆಗೆ, ಅಂದರೆ ಬಿದಿರಿನ ಎಳೆ ಮೊಳಕೆಗೆ ರಕ್ಷಣೆ ಹೋಯಿತು, ದನಕರು ಬಂದು ತಿಂದುಹೋಗುತ್ತವೆ. ಮೆಳೆ ಮೆಳೆಯಲ್ಲೂ ಕಳಲೆ ಲೆಕ್ಕ ಮಾಡಿದ ಮೇಲೆ ಊರಿನವರ ಮಾತೇ ನಿಜ ಎಂದು ಗೊತ್ತಾಯಿತು. ಕಳಲೆ ಪಲ್ಯ ತಿನ್ನುವ ನಮಗೆಲ್ಲ ಗೊತ್ತಿದ್ದ ಸಂಗತಿ ವಿಜ್ಞಾನವಾದದ್ದು ಆ ಎಣಿಕೆಯಿಂದ. ಹಾಗಾಗಿ ಪಿಸಿಎಂಬಿಯಲ್ಲಿ ಇರುವ ಗಣಿತವನ್ನು ಹೇಗೋ ಪಾಸಾದರೆ ಸಾಕು ಅಂತ ನಿಮ್ಮ ಮಗಳು ಬಿಟ್ಟುಬಿಡುವುದು ಬೇಡ. ಮುಂದೆ ಸಂಖ್ಯಾಶಾಸ್ತ್ರ ಕಲಿಯುವಾಗ ಅದೇ ಆಧಾರ.

ಈಗ ದಾರಿಗಳ ಮಾತು. ನಿಮ್ಮ ಮನೆಗೆ ಹತ್ತಿರ ಇರುವುದನ್ನೇ ಮೊದಲು ನೋಡಿ. ಶಿರಸಿಯಲ್ಲಿ ಬನವಾಸಿ ರಸ್ತೆಯ ಮೇಲೆ ಅರಣ್ಯ ಮಹಾವಿದ್ಯಾಲಯ ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ರಾಜ್ಯದಲ್ಲಿ ಅರಣ್ಯ ಓದಿಸುವ ಇನ್ನೊಂದು ಕಾಲೇಜಿಗೆ ಕೊಡಗಿನ ಪೊನ್ನಂಪೇಟೆಗೇ ಹೋಗಬೇಕು. ಎಷ್ಟೋ ಮಕ್ಕಳು ದೂರದ ಜಿಲ್ಲೆಗಳಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿ ಇದ್ದು ಓದುತ್ತಾರೆ, ನಮ್ಮವರಿಗೆ ಮಾತ್ರ ಅದು ಬಸ್ಸಿನ ಕಿಟಕಿಯಿಂದ ಕಾಣುವ ಬೋರ್ಡು. ಬಿಎಸ್ಸಿ ಫಾರೆಸ್ಟ್ರಿ ನಾಲ್ಕು ವರ್ಷದ ಕೋರ್ಸು. ಸಸಿ ಬೆಳೆಸುವುದು, ಮಣ್ಣು, ವನ್ಯಜೀವಿ, ಮರದ ಗುಣ, ಕೃಷಿ ಅರಣ್ಯ, ಅರಣ್ಯ ಕಾನೂನು ಎಲ್ಲ ಅದರಲ್ಲಿ ಬರುತ್ತದೆ. ಕೊನೆಯ ವರ್ಷ ತರಗತಿ ಬಿಟ್ಟು ಹೊರಗೆ ಕೆಲಸದ ಅನುಭವ ಪಡೆಯಬೇಕು. ಸೀಟು ಸಿಗುವುದು ಸಿಇಟಿ ಮೂಲಕ, ಪಿಯುಸಿ ಅಂಕವೂ ಲೆಕ್ಕಕ್ಕೆ ಬರುತ್ತದೆ. ಇಂಜಿನಿಯರಿಂಗ್ ಬೇಡ ಎಂದು ಗಣಿತದ ಪೇಪರನ್ನೋ, ಮೆಡಿಕಲ್ ಬೇಡ ಎಂದು ಬಯಾಲಜಿಯನ್ನೋ ಬಿಟ್ಟು ಬರುವ ಮಕ್ಕಳಿದ್ದಾರೆ. ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ನಾಲ್ಕೂ ಪೇಪರ್ ಬರೆಸಿ. ರಾಜ್ಯದ ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿಯಂಥ ಹುದ್ದೆಗಳ ನೇರ ನೇಮಕಾತಿಯಲ್ಲಿ ಈ ಪದವಿಯವರಿಗೆ ಒಂದು ಪಾಲು ಮೀಸಲೂ ಇದೆ.

ಎರಡನೆಯದು ಸಾದಾ ಬಿಎಸ್ಸಿ, ಶಿರಸಿ, ಕುಮಟಾ, ಹೊನ್ನಾವರ, ಕಾರವಾರದ ಕಾಲೇಜುಗಳಲ್ಲಿ ಸಿಗುವ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಜೋಡಣೆ. ಇದನ್ನು ಕೀಳಾಗಿ ಕಾಣುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯ ಎಲ್ಲ ಕಡೆ ಪರಿಸರ ವಿಜ್ಞಾನದ ಎಂಎಸ್ಸಿ ಇದೆ, ಇಂಥ ವಿಷಯ ಓದಿ ಬಂದವರೇ ಅಲ್ಲಿ ಸೇರುವುದು. ಯಾವ ವಿಷಯದವರಿಗೆ ಅವಕಾಶ, ಎಷ್ಟು ಪರ್ಸೆಂಟ್ ಬೇಕು ಎನ್ನುವುದು ಆಯಾ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್‌ನಲ್ಲಿ ಇರುತ್ತದೆ. ಅದನ್ನು ಬಿಎಸ್ಸಿ ಮುಗಿದ ಮೇಲೆ ಅಲ್ಲ, ಸೇರುವ ಮೊದಲೇ ಓದಬೇಕು. ಸಮುದ್ರದ ಕಡೆ ಮನಸ್ಸಿದ್ದರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲೇ ಕೂತು ಸಮುದ್ರದ ಜೀವಿಗಳನ್ನು ಓದುವ ಭಾಗ್ಯ ಎಲ್ಲರಿಗೂ ಎಲ್ಲಿ ಸಿಗುತ್ತದೆ! ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಶ್ವವಿದ್ಯಾಲಯದಲ್ಲೂ ಮೂರು ವರ್ಷದ ಬಿಎಸ್ಸಿ ಮಾಡಿದವರಿಗೆ ಫಾರೆಸ್ಟ್ರಿ ಎಂಎಸ್ಸಿ, ಪರಿಸರ ನಿರ್ವಹಣೆಯ ಎಂಎಸ್ಸಿ ಎರಡಕ್ಕೂ ಅವಕಾಶ ಇದೆ. ವನ್ಯಜೀವಿಯೇ ಬೇಕು ಎಂದರೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಎರಡು ವರ್ಷಕ್ಕೊಮ್ಮೆ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಕರೆಯುತ್ತದೆ.

ಇನ್ನು ಆ ಪೇಚಿನ ಕತೆ. ನನ್ನ ಹತ್ತಿರ ಟ್ಯೂಷನ್ನಿಗೆ ಬರುತ್ತಿದ್ದ ಅಂಕೋಲೆ ಕಡೆಯ ಹುಡುಗನೊಬ್ಬ ದೊಡ್ಡ ಊರಿನ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಒಂದನ್ನೇ ಮುಖ್ಯವಾಗಿ ಇಟ್ಟುಕೊಂಡ ಪದವಿಗೆ ಸೇರಿದ. ಮುಂದೆ ಐಎಫ್ಎಸ್ ಬರೆಯುತ್ತೇನೆ, ಅರಣ್ಯಾಧಿಕಾರಿ ಆಗುತ್ತೇನೆ ಎಂದು ಕನಸು. ಕಾಲೇಜಿನವರೂ ಎಲ್ಲದಕ್ಕೂ ಆಗುತ್ತದೆ ಅಂದಿದ್ದರಂತೆ. ಡಿಗ್ರಿ ಮುಗಿಸಿ ಅರ್ಜಿ ತುಂಬಲು ಕೂತಾಗ ಗೊತ್ತಾಯಿತು: ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯಕೀಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂಗರ್ಭಶಾಸ್ತ್ರ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು, ಇಲ್ಲವೇ ಕೃಷಿ, ಫಾರೆಸ್ಟ್ರಿ ಅಥವಾ ಇಂಜಿನಿಯರಿಂಗ್ ಪದವಿ ಆಗಿರಬೇಕು. ಪಟ್ಟಿಯಲ್ಲಿ ಪರಿಸರ ವಿಜ್ಞಾನ ಇಲ್ಲ. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ‘ಸರ್, ನಂದು ಲಿಸ್ಟಲ್ಲೇ ಇಲ್ಲ’ ಅಂದ ಅವನ ದನಿ ಇನ್ನೂ ನನ್ನ ಕಿವಿಯಲ್ಲಿದೆ. ನಮ್ಮೂರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಅವನ ಗೆಳೆಯನಿಗೆ ಆ ತೊಡಕೇ ಇರಲಿಲ್ಲ.

ಅಂದಮಾತ್ರಕ್ಕೆ ಪರಿಸರ ವಿಜ್ಞಾನ ಇರುವ ಬಿಎಸ್ಸಿ ಬೇಡ ಎಂದಲ್ಲ. ಅದರ ಜೊತೆಗೆ ರಸಾಯನಶಾಸ್ತ್ರವೋ ಸಸ್ಯಶಾಸ್ತ್ರವೋ ಮುಖ್ಯ ವಿಷಯವಾಗಿ ಇದೆಯೇ, ಅಂಕಪಟ್ಟಿಯಲ್ಲಿ ಹಾಗೆಂದು ಬರುತ್ತದೆಯೇ ಎಂದು ಕೇಳಿ ಸೇರಿಸಿ. ಹೈಸ್ಕೂಲ್ ಶಿಕ್ಷಕಿ ಆಗುವ ಮನಸ್ಸಿದ್ದರೂ ಇದೇ ಎಚ್ಚರ ಬೇಕು, ಅಲ್ಲಿ ಪಿಸಿಎಂ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂದು ವಿಷಯ ಹಿಡಿದೇ ಹುದ್ದೆ ಕರೆಯುತ್ತಾರೆ. ಅರಣ್ಯ ಸೇವೆಗೆ ಮೈಕಟ್ಟಿನ ಪರೀಕ್ಷೆಯೂ ಇದೆ. ನಾಲ್ಕು ಗಂಟೆಯಲ್ಲಿ ಗಂಡಸರು 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆಯಬೇಕು. ತೋಟಕ್ಕೆ ಸೊಪ್ಪು ತರುವ ಬೆಟ್ಟ ಹತ್ತಿ ಇಳಿದು ಬೆಳೆದ ಹುಡುಗಿಗೆ ಅದು ದೊಡ್ಡದಲ್ಲ.

ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದರೆ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಬೇರೆಯೇ ವಿಷಯವಾಗಿದೆ. ಎಂಎಸ್ಸಿಯಲ್ಲಿ ಶೇ. 55 ಬೇಕು, ಮೀಸಲಾತಿ ಇರುವವರಿಗೆ ಶೇ. 50. ನಮ್ಮ ರಾಜ್ಯದಲ್ಲಿ 2024-25ರಿಂದ ಸಾದಾ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ ಬಿಎಸ್ಸಿ ಮುಗಿಸಿದವರಿಗೆ ಎಂಎಸ್ಸಿ ಎರಡು ವರ್ಷದ್ದಾಗುತ್ತದೆಂದೇ ಲೆಕ್ಕ ಹಾಕಿಕೊಳ್ಳಿ. ಕಾರ್ಖಾನೆಗಳ ತ್ಯಾಜ್ಯ ನೀರು, ಹೊಗೆ ಇಂಥವುಗಳ ಶುದ್ಧೀಕರಣದ ಕೆಲಸ ಹೆಚ್ಚಾಗಿ ಇಂಜಿನಿಯರಿಂಗ್ ಪದವಿ ಕೇಳುತ್ತದೆ, ಮಗಳು ಅದನ್ನು ಬೇಡ ಅಂದಿರುವುದರಿಂದ ವಿಸ್ತರಿಸುವುದಿಲ್ಲ. ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ನಮ್ಮ ಕಡೆಯ ಮಕ್ಕಳು ಗುಡ್ಡ ಯಾಕೆ ಜಾರುತ್ತದೆ ಎಂದು ಕೇಳಲು ಶುರು ಮಾಡಿದ್ದಾರೆ. ಅವರು ಭೂಗರ್ಭಶಾಸ್ತ್ರ ಓದಬೇಕು, ಅದಕ್ಕೆ ಧಾರವಾಡ ಇದೆ. ಆರ್ಟ್ಸ್ ಓದಿದ ಮಕ್ಕಳಿಗೂ ದಾರಿ ಮುಚ್ಚಿಲ್ಲ. ಅರಣ್ಯ ಹಕ್ಕು, ಅತಿಕ್ರಮಣ, ಬೆಟ್ಟದ ಹಕ್ಕು ಇಷ್ಟು ಜಟಿಲವಾಗಿರುವ ಜಿಲ್ಲೆಯಲ್ಲಿ ಕಾನೂನು ಮತ್ತು ಸಮಾಜಶಾಸ್ತ್ರ ಬಲ್ಲವರು ಬೇಕೇ ಬೇಕು.

ಕಡೆಗೆ ಅರ್ಜಿಯ ವಿಷಯ. ತೋಟ ಇದೆ ಎಂದು ಬರೆದಿದ್ದೀರಿ. ಶಿರಸಿ ಕಾಲೇಜಿನ ಸೀಟಿಗೆ ಕೃಷಿಕರ ಕೋಟಾ ಅನ್ವಯಿಸುತ್ತದೆ. ಪಹಣಿ ಹಿಡಿದುಕೊಂಡು ತಹಶೀಲ್ದಾರ್ ಕಚೇರಿಗೆ ಹೋಗಿ ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಸಿಇಟಿ ಅರ್ಜಿ ಕರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಅಲ್ಲಿ ಸಾಲು ಉದ್ದ ಇರುತ್ತದೆ. ಈ ಕೋಟಾದವರಿಗೆ ಕೃಷಿಯ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಏನು ಎಂದು ಗುರುತಿಸಲು ಹೇಳುತ್ತಾರೆ. ನಮ್ಮ ಮಕ್ಕಳು ಅಡಿಕೆ, ಕಾಳುಮೆಣಸು, ಏಲಕ್ಕಿಯನ್ನು ಕಣ್ಣು ಮುಚ್ಚಿ ಹೇಳುತ್ತಾರೆ. ತೊಡರುವುದು ಬಯಲುಸೀಮೆಯ ಕಾಳಿನಲ್ಲಿ. ಕುಸುಬೆ ಯಾವುದು, ಸಜ್ಜೆ ಯಾವುದು, ನವಣೆ ಯಾವುದು ಎಂದರೆ ಬೆಬ್ಬೆಬ್ಬೆ ಅನ್ನುತ್ತಾರೆ. ಪರೀಕ್ಷೆಗೆ ಒಂದು ವಾರ ಮೊದಲು ಅವಳನ್ನು ಪೇಟೆಯ ಬೀಜ ಗೊಬ್ಬರದ ಅಂಗಡಿಗೆ ಕರೆದುಕೊಂಡು ಹೋಗಿ, ಒಂದೊಂದು ಹಿಡಿ ಕೈಯಲ್ಲಿ ಹಿಡಿದು ನೋಡಲಿ.