ತಾಯಿಯ ಹೆಪ್ಪು, ಎಲುಬಿನ ಗುರುತು

ಯಂತ್ರಕ್ಕೆ ಎಲುಬಿನ ಚೂರು ಹಾಕಿದರೆ ಸತ್ತವರ ಹೆಸರು ಹೊರಗೆ ಬರುತ್ತದೆ, ಅದೇ ಡಿಎನ್‌ಎ ಪರೀಕ್ಷೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಶಿರಸಿಯಲ್ಲಿ ಕಾಲೇಜು ಹುಡುಗರ ಜೊತೆ ಮಾತಾಡುವಾಗಲೂ ಇದೇ ಎದುರಾಯಿತು. ಎಲುಬಿಗೆ ಹೆಸರು ಗೊತ್ತಿಲ್ಲ. ಹೂತ ಜಾಗ ಹೇಳುವವರು ಬೇಕು, ಹೋಲಿಸಲು ರಕ್ತವನ್ನೋ ಎಂಜಲನ್ನೋ ಕೊಡುವ ಸಂಬಂಧಿಕರು ಬೇಕು. ಸ್ಪೇನಿನಲ್ಲಿ ಈ ಎರಡನ್ನೂ ಕಾಪಾಡಿಕೊಂಡು ಬಂದವರಲ್ಲಿ ಹೆಂಗಸರೇ ಮುಂದು.

ಅಲ್ಲಿ 1936ರಿಂದ 1939ರವರೆಗೆ ಅಂತರ್ಯುದ್ಧ ನಡೆಯಿತು. ಗೆದ್ದ ಸೇನಾನಿ ಫ್ರಾಂಕೊ 1975ರಲ್ಲಿ ಸಾಯುವ ತನಕ ಆಳಿದ. ಸೋತ ಕಡೆಯವರನ್ನು ಗುಂಡಿಕ್ಕಿ ರಸ್ತೆಬದಿಯ ಹೊಂಡಗಳಲ್ಲಿ ರಾಶಿಯಾಗಿ ಹೂತಿದ್ದರು. 2008ರಲ್ಲಿ ನ್ಯಾಯಾಧೀಶ ಬಲ್ತಸಾರ್ ಗಾರ್ಸೊನ್ ಮುಂದಿದ್ದ ಲೆಕ್ಕದಲ್ಲಿ ಕಾಣೆಯಾದವರು 1,14,226 ಮಂದಿ. ಸೋತ ಕಡೆಯ ಹೆಂಗಸರ ತಲೆ ಬೋಳಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ್ದರು. ಅಂಥ ಊರಿನಲ್ಲಿ ಗಂಡನ ಹೆಸರೆತ್ತಿ ಅಳುವುದೂ ಕಷ್ಟ. ಯಾವ ತಿರುವಿನಲ್ಲಿ ಹೊಂಡವಿದೆ, ಅಂದು ಅವನು ಯಾವ ಅಂಗಿ ತೊಟ್ಟಿದ್ದ ಎಂಬುದು ಬಾಗಿಲು ಮುಚ್ಚಿದ ಮನೆಯೊಳಗೇ ಉಳಿಯಿತು.

ಇನ್ನು ಎಲುಬಿನ ಗುರುತಿಗೆ ನೆರವಾಗುವ, ನನಗೆ ಬಲು ಇಷ್ಟದ ವಿಷಯ, ಮೈಟೊಕಾಂಡ್ರಿಯಾ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು ಇವು, ಇವಕ್ಕೆ ತಮ್ಮದೇ ಡಿಎನ್‌ಎ ಇದೆ. ತಂಗಿ ತವರಿಗೆ ಬಂದು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೊರಟಾಗ ಆಯಿ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಮೊಸರಿನ ಹೆಪ್ಪು ಕೊಟ್ಟು ಕಳಿಸುತ್ತಾಳೆ. ಆಯಿಗೆ ಅದು ಅಜ್ಜಿಯ ಮನೆಯಿಂದ ಬಂದದ್ದು. ಹಾಲು ದಿನಾ ಬೇರೆ, ಹೆಪ್ಪು ಅದೇ. ಗಂಡುಮಕ್ಕಳೂ ಆ ಮೊಸರು ಉಣ್ಣುತ್ತೇವೆ, ಆದರೆ ಹೆಪ್ಪನ್ನು ಇನ್ನೊಂದು ಮನೆಗೆ ಒಯ್ಯುವವರು ನಾವಲ್ಲ. ಮೈಟೊಕಾಂಡ್ರಿಯಾ ಹರಿದು ಬರುವುದೂ ಹೀಗೇ, ತಾಯಿಯ ಅಂಡಾಣುವಿನಿಂದ. ನೂರು ಕೋಟಿ ವರ್ಷಗಳಿಗೂ ಹಿಂದೆ ಅವುಗಳ ಪೂರ್ವಜರು ಬ್ಯಾಕ್ಟೀರಿಯಾಗಳೇ ಆಗಿದ್ದವು ಎಂಬುದನ್ನು ನೆನೆದರೆ ಹೆಪ್ಪಿನ ಹೋಲಿಕೆ ಇನ್ನೂ ಗಟ್ಟಿಯಾಗುತ್ತದೆ.

ಅದರ ಡಿಎನ್‌ಎ ಬಲು ಚಿಕ್ಕದು, 16,569 ಅಕ್ಷರ ಅಷ್ಟೇ. ಕೋಶಕೇಂದ್ರದ ಡಿಎನ್‌ಎ ಮನೆಯ ಆಸ್ತಿಪತ್ರ ಇದ್ದ ಹಾಗೆ, ಒಂದು ಕೋಶಕ್ಕೆ ಎರಡೇ ಪ್ರತಿ. ಒರಲೆ ಹಿಡಿದರೆ ಹೋಯಿತು. ಮೈಟೊಕಾಂಡ್ರಿಯಾದ್ದು ಲಗ್ನಪತ್ರಿಕೆ, ನೂರಾರು, ಸಾವಿರಾರು ಪ್ರತಿ. ಊರಿಡೀ ಮಳೆಯಲ್ಲಿ ನೆನೆದರೂ ಯಾರದೋ ಅಟ್ಟದಲ್ಲಿ ಒಂದು ಓದುವ ಹಾಗೆ ಉಳಿದಿರುತ್ತದೆ. ಎಂಬತ್ತು ವರ್ಷ ಮಣ್ಣಿನಲ್ಲಿದ್ದ ಎಲುಬಿನ ವಿಷಯದಲ್ಲಿ ಇದು ದೊಡ್ಡ ಆಸರೆ. (ನಮ್ಮ ಘಟ್ಟದ ಹುಳಿ ಮಣ್ಣು, ಈ ಮಳೆ, ಇಲ್ಲಾದರೆ ಎಲುಬೇ ಅಷ್ಟು ಕಾಲ ಉಳಿಯುವುದು ಕಷ್ಟ.)

ಆದರೆ ಇಲ್ಲೇ ಹಲವರು ಎಡವುತ್ತಾರೆ. ಮಗಳ ಮೈಟೊಕಾಂಡ್ರಿಯಾದಿಂದ ಅಪ್ಪನನ್ನು ಗುರುತಿಸಲು ಬರುವುದಿಲ್ಲ, ಅವಳ ಹೆಪ್ಪು ಅಮ್ಮನದು. ಅಪ್ಪನ ಹೆಪ್ಪು ಅವನ ಅಕ್ಕತಂಗಿಯರಲ್ಲಿ, ಅವರ ಮಕ್ಕಳಲ್ಲಿ ಸಿಕ್ಕೀತು. ಮಗಳಾದರೆ ಹರಕು ಆಸ್ತಿಪತ್ರವನ್ನೇ ಜೋಡಿಸಿ ಓದಬೇಕು.

ಅಸೆನ್ಸಿಯೊನ್ ಮೆಂದಿಯೆಟಾ ಅಂಥ ಮಗಳು. ಯುದ್ಧ ಮುಗಿದ ಮೇಲೆ, 1939ರ ನವೆಂಬರಿನಲ್ಲಿ, ಅಪ್ಪ ತಿಮೊತೆಯೊನನ್ನು ಗ್ವಾದಲಹಾರಾದಲ್ಲಿ ಗುಂಡಿಕ್ಕಿ ಕೊಂದಾಗ ಅವಳಿಗೆ ಹದಿಮೂರು. ಹಳೆಯ ರಾಜಕೀಯ ಅಪರಾಧಗಳನ್ನು ಮನ್ನಾ ಮಾಡಿದ 1977ರ ಕ್ಷಮಾದಾನ ಕಾನೂನು ಸ್ಪೇನಿನ ನ್ಯಾಯಾಲಯಗಳಲ್ಲಿ ದಾರಿ ಮುಚ್ಚಿತ್ತು. 2013ರಲ್ಲಿ, 88ನೆಯ ವಯಸ್ಸಿಗೆ, ಅರ್ಜೆಂಟೀನಾಕ್ಕೆ ವಿಮಾನ ಹತ್ತಿ, ಬೇರೆ ದೇಶದ ಈ ಅಪರಾಧಗಳನ್ನೂ ವಿಚಾರಿಸುತ್ತಿದ್ದ ಅಲ್ಲಿನ ನ್ಯಾಯಾಧೀಶೆಯ ಮುಂದೆ ಹೇಳಿಕೆ ಕೊಟ್ಟಳು. 2016ರಲ್ಲಿ ಗೋರಿ ಅಗೆದರು, ಅಪ್ಪ ಸಿಗಲಿಲ್ಲ; ಮರುವರ್ಷ ಇನ್ನೊಂದು ಗೋರಿ ಅಗೆದಾಗ ಅವಳ ಡಿಎನ್‌ಎ ಜೊತೆ ಅಪ್ಪನ ಎಲುಬು ತಾಳೆಯಾಯಿತು. ಅಪ್ಪನ ಒಂದು ಎಲುಬಾದರೂ ತನ್ನ ಜೊತೆ ಮಣ್ಣಿಗೆ ಬರಲಿ ಎನ್ನುತ್ತಿದ್ದವಳು 2019ರಲ್ಲಿ ತೀರಿಕೊಂಡಳು. ಅಪ್ಪನ ಜೊತೆಗೇ ಹೂತರು.

ಪಲೆನ್ಸಿಯಾ ಊರಿನ ಕತೆ ಇದರ ತಿರುವುಮುರುವು, ಅಲ್ಲಿ ಹೊಂಡದಲ್ಲಿದ್ದವಳೇ ತಾಯಿ. ಕತಲಿನಾ ಮುನ್ಯೊಸಳನ್ನು 1936ರ ಸೆಪ್ಟೆಂಬರಿನಲ್ಲಿ ಗುಂಡಿಕ್ಕಿದ್ದರು. ಹಳೆಯ ಸ್ಮಶಾನದ ಮೇಲೆ ಮಾಡಿದ್ದ ಉದ್ಯಾನವನ್ನು 2011ರಲ್ಲಿ ಅಗೆದಾಗ ಅವಳ ಅಸ್ಥಿಯ ಪಕ್ಕ ಬಣ್ಣಬಣ್ಣದ ಒಂದು ಗಿಲಕಿ ಸಿಕ್ಕಿತು. ಸೆಲ್ಯುಲಾಯ್ಡಿನದು, ಬಣ್ಣ ಪೂರ್ತಿ ಹೋಗಿರಲಿಲ್ಲ. ಅವಳು ಸಾಯುವಾಗ ಕೊನೆಯ ಮಗನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವನಿಗೆ ಅಮ್ಮನ ಮುಖವೇ ನೆನಪಿಲ್ಲ. ಅವಳ ಮೈಟೊಕಾಂಡ್ರಿಯಾ ಮಾತ್ರ ಅವನ ಮೈಯ ಕೋಶಕೋಶದಲ್ಲೂ ಇತ್ತು. ಎಂಬತ್ತಮೂರು ತುಂಬಿದ ಆ ಮಗನ ಕೈಗೆ 2019ರಲ್ಲಿ ಗಿಲಕಿಯೂ ಸೇರಿತು.