ದೇವಿಮನೆ ಘಟ್ಟದಲ್ಲಿ ಬ್ರೇಕ್ ಮೆತ್ತಗಾಗುವುದು ಯಾಕೆ?

ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಮೂಲಕ ಒತ್ತಡ ಚಕ್ರದವರೆಗೆ ಹೋಗಿ ಪ್ಯಾಡ್‌ಗಳು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿಯುತ್ತವೆ. ಪಾಸ್ಕಲ್ ನಿಯಮ, ಎಲ್ಲರಿಗೂ ಬಾಯಿಪಾಠ. ನನ್ನ ತಲೆಗೆ ಹತ್ತದೇ ಇದ್ದದ್ದು ಬೇರೆ. ಶಿರಸಿಯಲ್ಲಿ ಗಟ್ಟಿಯಿದ್ದ ಪೆಡಲ್ ಕುಮಟಾ ಕಡೆ ಘಟ್ಟ ಇಳಿಯುವಷ್ಟರಲ್ಲಿ ಯಾಕೆ ಮೆತ್ತಗಾಗಬೇಕು?

ಬ್ರೇಕ್ ಗಾಡಿಯ ಓಟವನ್ನು ಬಿಸಿಯಾಗಿ ಬದಲಿಸಿ ಕಳೆಯುತ್ತದೆ. ಇಳಿಜಾರಿನಲ್ಲಿ ಕಾಲು ಪೆಡಲ್ ಮೇಲೇ ಇದ್ದರೆ ಆ ಬಿಸಿ ಆರಲು ಪುರುಸೊತ್ತೇ ಇಲ್ಲ. ಆಗ ಎರಡು ತೊಂದರೆ ಆಗಬಹುದು. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಕಾದ ಪ್ಯಾಡ್ ಹಿಡಿತ ಬಿಟ್ಟಿದೆ. ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋದರೆ ಆಯಿಲ್ ಕುದಿದಿದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ.

ಮಳೆಗಾಲದಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟರೆ ಹಪ್ಪಳ ಥಂಡಿ ಹಿಡಿಯುತ್ತದೆ ಅಲ್ವಾ? ಬ್ರೇಕ್ ಆಯಿಲ್ಲೂ ಹಾಗೇ ನೀರು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು. ಶೆಲ್ಫಿನಲ್ಲಿ ಉಳಿದ ಅರ್ಧ ಬಾಟಲಿ ಹಳೇ ಆಯಿಲ್ಲನ್ನು ಸುಮ್ನೆ ಗಾಡಿಗೆ ಸುರಿಯಬೇಡಿ.

ನಮ್ಮ ಮಾವನ ವ್ಯಾನಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮೊದಲು ಸುಟ್ಟ ವಾಸನೆ, ಮುಂದಿನ ತಿರುವಿನಲ್ಲಿ ಪೆಡಲ್ ತಳ ಮುಟ್ಟಿತು. ಮೂರ್ನಾಲ್ಕು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು ನಿಲ್ಲಿಸಿದರು. ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಮತ್ತೆ ಗಟ್ಟಿ! "ಸರಿಯಾಯ್ತಲ್ಲ ಮಾರಾಯಾ" ಅಂದರು ಮಾವ. ಸರಿಯಾಗಿರಲಿಲ್ಲ, ಆವಿ ಆರಿ ಮತ್ತೆ ದ್ರವವಾಗಿತ್ತು ಅಷ್ಟೇ. ಗ್ಯಾರೇಜಿನಲ್ಲಿ ತೆಗೆದ ಆಯಿಲ್ ಕಷಾಯದ ಬಣ್ಣಕ್ಕಿತ್ತು. ಆದರೆ ಬಣ್ಣ ನೋಡಿ ನೀರಿನ ಲೆಕ್ಕ ಹೇಳಲು ಬರುವುದಿಲ್ಲ, ಅದಕ್ಕೆ ಟೆಸ್ಟರ್ ಬೇಕು.

ಘಟ್ಟ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವುದು ಶುದ್ಧ ಹುಚ್ಚುತನ. ಕಾದ ಡಿಸ್ಕಿಗೆ ನೀರೂ ಹೊಯ್ಯಬೇಡಿ, ಸೊಟ್ಟಗಾದೀತು.

ಕಾರವಾರದ ಉಪ್ಪುಗಾಳಿಯದು ಬೇರೆ ಕಾಟ. ರಾತ್ರಿ ಡಿಸ್ಕಿಗೆ ಹಿಡಿದ ತೆಳು ತುಕ್ಕು ಎರಡು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಪ್ಯಾಡ್‌ಗಳನ್ನು ಅದುಮುವ ಕ್ಯಾಲಿಪರ್ ಜಾರಲು ಇರುವ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡರೆ ಮಾತ್ರ ಹೊರಗೆ ಗೊತ್ತೇ ಆಗುವುದಿಲ್ಲ. ನನ್ನ ಬೈಕಿನಲ್ಲಿ ಒಳಗಿನ ಪ್ಯಾಡ್ ತಗಡಿನವರೆಗೆ ಸವೆದಿತ್ತು, ಹೊರಗಿನದು ಅರ್ಧ ಉಳಿದಿತ್ತು. ಹೊರಗಿನದನ್ನಷ್ಟೇ ಇಣುಕಿ ನೋಡಿ ಮೂರು ತಿಂಗಳು ಓಡಿಸಿದ್ದೆ.